ಕಾಗದ ಇಟ್ಟುಕೊಂಡವರು

ಘೋಡಬಂದರ್ ರಸ್ತೆಯ ಎರಡೂ ಬದಿಗೆ ಟವರುಗಳು ಎದ್ದ ಮೇಲೆ ಇಲ್ಲಿಗೆ ಬಂದು ನೆಲೆಸಿದ ಕನ್ನಡಿಗರಲ್ಲಿ ಬಹಳ ಮಂದಿ ಅದಕ್ಕೂ ಮೊದಲು ಬೇರೆಲ್ಲೋ ಬಾಳಿದವರು. ಮಾಟುಂಗದ ಚಾಳು, ಡೊಂಬಿವಲಿಯ ಎರಡು ಕೋಣೆಯ ಮನೆ, ಠಾಣೆಯ ನೌಪಾಡಾದ ಹಳೇ ಕಟ್ಟಡ, ಇವುಗಳಿಂದ ಟೆಂಪೋ ಮೇಲೆ ಸಾಮಾನು ಮಾನ್ಪಾಡಾಕ್ಕೆ, ವಾಘ್‌ಬೀಳಿಗೆ, ಕಾಸರವಡವಲಿಗೆ ಬಂದಿದೆ. ಎಲ್ಲ ಸಾಮಾನೂ ಬಂದಿಲ್ಲ. ಹೊಸ ಫ್ಲ್ಯಾಟಿನಲ್ಲಿ ಅಟ್ಟವಿಲ್ಲ, ತಂದೆಯ ಕಾಲದ ಟ್ರಂಕಿಗೆ ಜಾಗವಿಲ್ಲ. ಡೊಂಬಿವಲಿಯಲ್ಲಿ ಒಂದರ ಹಿಂದೆ ಒಂದು ಕಟ್ಟಡ ರಿಡೆವಲಪ್‌ಮೆಂಟಿಗೆ ಹೋಗುತ್ತಿದೆ. ಮನೆ ಖಾಲಿ ಮಾಡುವ ಅವಸರದಲ್ಲಿ ರದ್ದಿಯವನ ತಕ್ಕಡಿಗೆ ಮೊದಲು ಬೀಳುವುದು ಹಳೇ ಪೇಪರು. ಅದರ ಹಿಂದೆಯೇ ಹೋಗುವುದು ದಾರ ಕಟ್ಟಿಟ್ಟ ಕಾಗದಗಳ ಕಟ್ಟು.

ಆ ಕಟ್ಟಿನಲ್ಲಿ ಒಬ್ಬ ನಟನ, ಗಾಯಕಿಯ, ಭಾಗವತರ, ನಾಟಕ ಕಂಪನಿಯ ಯಜಮಾನರ ಕೈಬರಹದ ಕಾಗದ ಇರಬಹುದು ಎಂದು ನಾನು ಹೇಳಿದರೆ ಅತಿಶಯವಾಗಿ ಕಾಣಬಹುದು. ಆದರೆ ಮುಂಬಯಿ ಕನ್ನಡಿಗರ ಮಟ್ಟಿಗೆ ಇದಕ್ಕೆ ಗಟ್ಟಿ ಕಾರಣವಿದೆ. 1926ರಲ್ಲಿ ಹುಟ್ಟಿದ ಮೈಸೂರು ಅಸೋಸಿಯೇಷನ್ನಿನಿಂದ ಹಿಡಿದು ಮಾಹಿಮಿನ ಕರ್ನಾಟಕ ಸಂಘ, ಡೊಂಬಿವಲಿಯ, ಠಾಣೆಯ, ನವಿ ಮುಂಬಯಿಯ ಕನ್ನಡ ಸಂಘಗಳವರೆಗೆ ಎಲ್ಲರೂ ಊರಿನಿಂದ ಕಲಾವಿದರನ್ನು ಕರೆಸಿಕೊಂಡು ಬಂದವರೇ. ಫೋನು ಮನೆಮನೆಗೆ ಬರುವ ಮೊದಲು ಆ ಮಾತುಕತೆಯೆಲ್ಲ ಅಂಚೆಯಲ್ಲೇ ನಡೆಯಬೇಕಿತ್ತು. ಎಷ್ಟು ಮಂದಿ ಬರುತ್ತೇವೆ, ಸಂಭಾವನೆ ಏನು, ಹಾರ್ಮೋನಿಯಂ ಅಲ್ಲೇ ಸಿಗುತ್ತದೆಯೇ, ಉಳಿಯುವುದೆಲ್ಲಿ? ಸಂಘಗಳಿಗೆ ಸ್ವಂತ ಕಚೇರಿ ಇಲ್ಲದಿದ್ದಾಗ ಇಂಥ ಕಾಗದ ಬಂದು ತಲುಪುತ್ತಿದ್ದುದು ಕಾರ್ಯದರ್ಶಿಯ ಮನೆಯ ವಿಳಾಸಕ್ಕೆ. ಆ ಕಾರ್ಯದರ್ಶಿ ಬ್ಯಾಂಕಿನಲ್ಲೋ ಮಿಲ್ಲಿನಲ್ಲೋ ಕೆಲಸಕ್ಕಿದ್ದ ಸಾಧಾರಣ ಗೃಹಸ್ಥ. ಅವರ ಮಕ್ಕಳೇ ಈಗ ಟ್ರಂಕು ಬಿಚ್ಚುತ್ತಿರುವುದು.

ಪ್ರಸಿದ್ಧರ ಕೈಬರಹ ಸಂಗ್ರಹಿಸುವ ಹವ್ಯಾಸ ಜಗತ್ತಿನಲ್ಲೆಲ್ಲ ಇದೆ. ಅದಕ್ಕೆ ತನ್ನದೇ ವ್ಯಾಪಾರ, ತನ್ನದೇ ಪರಿಭಾಷೆ ಇದೆ. ಪೂರ್ತಿ ಸ್ವಂತ ಕೈಯಲ್ಲಿ ಬರೆದು ಸಹಿ ಹಾಕಿದ ಪತ್ರವನ್ನು ಹರಾಜಿನವರು ಎ.ಎಲ್.ಎಸ್. ಎನ್ನುತ್ತಾರೆ. ಟೈಪ್ ಮಾಡಿಸಿ ಸಹಿ ಮಾತ್ರ ಹಾಕಿದ್ದು ಟಿ.ಎಲ್.ಎಸ್. ಸಹಿ ಮಾಡಿದ ಫೋಟೋ ಎಸ್.ಪಿ. ಒಬ್ಬನೇ ವ್ಯಕ್ತಿಯ ಈ ಮೂರರಲ್ಲಿ ಸಾಮಾನ್ಯವಾಗಿ ಮೇಲಿನ ದರ್ಜೆ ಮೊದಲನೆಯದಕ್ಕೆ. ಆಟೋಗ್ರಾಫ್ ಪುಸ್ತಕದ ಸಹಿಯಿಂದ ಆ ಮನುಷ್ಯ ಅಲ್ಲಿಗೆ ಬಂದಿದ್ದನೆಂದು ಗೊತ್ತಾದೀತು, ಅಷ್ಟೇ. ಕಾಗದದಲ್ಲಿ ಅವನ ಆ ದಿನದ ಮನಸ್ಸಿದೆ, ಕೈ ನಡುಗಿದ್ದಿದೆ, ಹೊಡೆದುಹಾಕಿದ ಪದವಿದೆ, ಮನೆ ಬಾಡಿಗೆಯ ಚಿಂತೆಯಿದೆ.

ಆಟೋಗ್ರಾಫಿನ ವಿಷಯಕ್ಕೆ ಗಿರೀಶ ಕಾರ್ನಾಡರದ್ದೇ ಒಂದು ಪ್ರಸಂಗವಿದೆ. ಕಾರ್ನಾಡರು ಹುಟ್ಟಿದ್ದು ನಮ್ಮಿಂದ ಬಹಳ ದೂರವಿಲ್ಲದ ಮಾಥೇರಾನಿನಲ್ಲಿ, 1938ರಲ್ಲಿ. ಹುಡುಗರಾಗಿದ್ದಾಗ ದೊಡ್ಡವರ ರೇಖಾಚಿತ್ರ ಬರೆದು, ಅವರಿಗೇ ಅಂಚೆಯಲ್ಲಿ ಕಳಿಸಿ ಸಹಿ ತರಿಸಿಕೊಳ್ಳುತ್ತಿದ್ದರು. ಹದಿನೇಳರ ವಯಸ್ಸಿನಲ್ಲಿ ಐರಿಷ್ ನಾಟಕಕಾರ ಶಾನ್ ಓಕೇಸಿಗೂ ಹಾಗೆಯೇ ಕಳಿಸಿದರು. ಓಕೇಸಿ ಬರೆದ ಉತ್ತರದ ಸಾರ ಇಷ್ಟು: ಬೇರೆಯವರ ಸಹಿ ಕೂಡಿಸುತ್ತ ಕಾಲ ಕಳೆಯಬೇಡ, ಮುಂದೊಂದು ದಿನ ಜನ ನಿನ್ನ ಸಹಿ ಕೇಳುವಂಥ ಕೆಲಸ ಮಾಡು. ಕಾರ್ನಾಡರು ಆ ಹವ್ಯಾಸ ಅಲ್ಲಿಗೇ ಬಿಟ್ಟರು. 1961ರಲ್ಲಿ ಅವರ ‘ಯಯಾತಿ’ ಧಾರವಾಡದ ಮನೋಹರ ಗ್ರಂಥಮಾಲೆಯಿಂದ ಹೊರಬಂತು. ಒಂದು ಸಹಿ ಬೇಡಿದ ಹುಡುಗನಿಗೆ ಸಿಕ್ಕಿದ್ದು ಒಂದು ಪತ್ರ, ಜೀವಮಾನವೆಲ್ಲ ಅವರು ನೆನೆದದ್ದೂ ಆ ಪತ್ರವನ್ನೇ.

ಇನ್ನು ಹಣದ ಮಾತು. 2019ರ ಜೂನ್‌ನಲ್ಲಿ ಕ್ರಿಸ್ಟೀಸ್ ಸಂಸ್ಥೆ ಕೆನಡಾದ ಗಾಯಕ ಲಿಯೊನಾರ್ಡ್ ಕೋಹೆನ್ ತಮ್ಮ ಪ್ರೇಯಸಿ ಮರಿಯಾನ್ ಇಲೆನ್‌ಗೆ ಬರೆದ ಐವತ್ತಕ್ಕೂ ಹೆಚ್ಚು ಪತ್ರಗಳನ್ನು ಹರಾಜಿಗಿಟ್ಟಿತು. ಒಟ್ಟು 8,76,000 ಡಾಲರ್ ಬಂತು. 2022ರ ನವೆಂಬರ್‌ನಲ್ಲಿ ಅಮೆರಿಕದ ಬಾಸ್ಟನ್ನಿನ ಆರ್.ಆರ್. ಆಕ್ಷನ್ ಬಾಬ್ ಡಿಲನ್ನರ 42 ಪ್ರೇಮಪತ್ರಗಳನ್ನು ಮಾರಿತು. ಅವನ್ನು ಬರೆದದ್ದು 1957ರಿಂದ 1959ರ ನಡುವೆ, ಡಿಲನ್ ಇನ್ನೂ ಬಾಬ್ ಜಿಮರ್‌ಮನ್ ಎಂಬ ಶಾಲಾ ಹುಡುಗನಾಗಿದ್ದಾಗ. ಆ ಕಟ್ಟು ಸುಮಾರು 6.7 ಲಕ್ಷ ಡಾಲರಿಗೆ ಪೋರ್ಚುಗಲ್ಲಿನ ಪೋರ್ತೋ ನಗರದ ಲೆಲ್ಲೋ ಪುಸ್ತಕದಂಗಡಿಯ ಪಾಲಾಯಿತು. ನಮ್ಮ ಮುಂಬಯಿಯಲ್ಲೇ 2025ರ ಜೂನ್‌ನಲ್ಲಿ ಆಸ್ತಗುರು ಸಂಸ್ಥೆ ರವೀಂದ್ರನಾಥ ಠಾಕೂರರು ಸಮಾಜಶಾಸ್ತ್ರಜ್ಞ ಧೂರ್ಜಟಿ ಪ್ರಸಾದ್ ಮುಖರ್ಜಿಯವರಿಗೆ ಬರೆದ 35 ಪತ್ರಗಳನ್ನು 14 ಲಕೋಟೆಗಳ ಸಮೇತ ಮಾರಿದಾಗ ಸುಮಾರು 5.9 ಕೋಟಿ ರೂಪಾಯಿ ಬಂತು. ನಾವು ಪತ್ರ ತೆಗೆದು ಹರಿದೆಸೆಯುವ ಲಕೋಟೆಯನ್ನೂ ಅಲ್ಲಿ ಎಣಿಸಿ ಇಟ್ಟಿದ್ದರು ಎಂಬುದನ್ನು ಓದುಗರು ಗಮನಿಸಬೇಕು.

ಕೋಹೆನ್ ಮತ್ತು ಡಿಲನ್ ಪತ್ರಗಳು ಮಾರಾಟವಾದ ಬಗೆ ಬೇರೆ ಬೇರೆ. ಕೋಹೆನ್ ಪತ್ರಗಳು ಬಿಡಿಬಿಡಿಯಾಗಿ, ಹಲವರ ಕೈಗೆ ಚದುರಿಹೋದವು. ಡಿಲನ್ ಪತ್ರಗಳು ಒಂದೇ ಕಟ್ಟಾಗಿ ಹೋದವು, ಕೊಂಡವರು ಅವನ್ನು ಒಡೆಯದೆ ಇಡುತ್ತೇವೆ, ಜನರಿಗೆ ತೋರಿಸುತ್ತೇವೆ ಎಂದರು. ಇಪ್ಪತ್ತನೆಯ ಪತ್ರ ಅರ್ಥವಾಗಲು ಹತ್ತೊಂಬತ್ತನೆಯದು ಬೇಕು. ಬಿಡಿ ಮಾರಾಟದಿಂದ ಮಾರುವವರಿಗೆ ಲಾಭ ಹೆಚ್ಚಿದ್ದೀತು. ಆದರೆ ಕಟ್ಟು ಒಡೆಯುವುದು ತಪ್ಪು ಎಂದೇ ನನ್ನ ನಿಲುವು.

ಈ ಸುದ್ದಿಗಳಲ್ಲೆಲ್ಲ ನಾವು ಓದುವುದು ಬರೆದವರ ಹೆಸರು. ಕಾಗದ ಉಳಿದದ್ದು ಮಾತ್ರ ಇನ್ನೊಬ್ಬರಿಂದ. ಡಿಲನ್ ಪತ್ರಗಳನ್ನು ಅರವತ್ತು ವರ್ಷ ಇಟ್ಟುಕೊಂಡವರು ಬಾರ್ಬರಾ ಆನ್ ಹ್ಯೂಯಿಟ್ ಎಂಬ ಮಹಿಳೆ. 2020ರಲ್ಲಿ ಅವರು ತೀರಿಕೊಂಡ ಮೇಲೆ ಮಗಳಿಗೆ ಸಿಕ್ಕವು. ಪತ್ರ ಬರೆದವನ ಕೈಯಿಂದ ಅದು ಹೊರಟುಹೋಗುತ್ತದೆ. ಮುಂದೆ ಅದರ ಆಯಸ್ಸು ಪಡೆದವರ ಕೈಯಲ್ಲಿ. ಆದ್ದರಿಂದ ಸಂಗ್ರಹಕಾರ ಹುಡುಕಿ ಹೋಗಬೇಕಾದದ್ದು ನಟನ ಬಂಗಲೆಗಲ್ಲ, ಅವನ ಗೆಳೆಯನ, ತಂಗಿಯ, ಮೇಕಪ್ಪಿನವನ, ಸಂಘದ ಕಾರ್ಯದರ್ಶಿಯ ಮನೆಗೆ.

ನಮಗೆ ಹತ್ತಿರದ ಒಳ್ಳೆಯ ಉದಾಹರಣೆ ಗುರುದತ್ತ್ ಅವರದು. ಹಿಂದಿ ಚಿತ್ರರಂಗದ ಈ ದೊಡ್ಡ ನಿರ್ದೇಶಕ ಹುಟ್ಟಿದ್ದು 1925ರ ಜುಲೈ 9ರಂದು ಬೆಂಗಳೂರಿನಲ್ಲಿ, ಪಡುಕೋಣೆ ಮನೆತನದಲ್ಲಿ. ತಾಯಿ ವಾಸಂತಿ ಪಡುಕೋಣೆ ಕನ್ನಡದಲ್ಲಿ ಕತೆ ಬರೆದವರು, ಬಂಗಾಳಿ ಕಾದಂಬರಿಗಳನ್ನು ಕನ್ನಡಕ್ಕೆ ತಂದವರು. ಮಗ ತೀರಿಕೊಂಡ ಮೇಲೆ ಆಕೆ ಬರೆದ ‘ನನ್ನ ಮಗ ಗುರುದತ್ತ’ 1976ರಲ್ಲಿ ಪ್ರಕಟವಾಯಿತು, ಕಾರ್ನಾಡರ ‘ಯಯಾತಿ’ಯನ್ನು ತಂದ ಅದೇ ಮನೋಹರ ಗ್ರಂಥಮಾಲೆಯಿಂದ. ಮುಂಬಯಿಯ ಸಿನಿಮಾ ಜಗತ್ತನ್ನು ಬಲ್ಲ ಒಬ್ಬ ತಾಯಿ ಮಗನ ಕತೆಯನ್ನು ಧಾರವಾಡದ ಪ್ರಕಾಶಕರಿಗೆ ಕನ್ನಡದಲ್ಲಿ ಕೊಟ್ಟಳು ಎಂಬುದನ್ನು ನಾವು ಮುಂಬಯಿ ಕನ್ನಡಿಗರು ಇನ್ನಷ್ಟು ಅಭಿಮಾನದಿಂದ ನೆನೆಯಬೇಕು.

ಗುರುದತ್ತ್ ಮತ್ತು ಗಾಯಕಿ ಗೀತಾ ರಾಯ್ ಭೇಟಿಯಾದದ್ದು ‘ಬಾಜಿ’ ಚಿತ್ರದ ಹಾಡಿನ ಧ್ವನಿಮುದ್ರಣದ ವೇಳೆ. ಚಿತ್ರ ತೆರೆಗೆ ಬಂದದ್ದು 1951ರಲ್ಲಿ, ಮದುವೆ 1953ರ ಮೇ 26ರಂದು. ಆ ಎರಡು ವರ್ಷ ಹಾಗೂ ಮದುವೆಯ ನಂತರವೂ, ಶೂಟಿಂಗಿಗೆ ಊರು ಬಿಟ್ಟಾಗಲೆಲ್ಲ ಅವರು ಗೀತಾಗೆ ಬರೆದರು, ಮುಂದೆ ಪುಟ್ಟ ಗಂಡುಮಕ್ಕಳಿಗೂ ಬರೆದರು. 1951ರಿಂದ 1962ರವರೆಗಿನ ಇಂಥ 37 ಪತ್ರಗಳನ್ನು ಸಂಪಾದಿಸಿ ನಸ್ರೀನ್ ಮುನ್ನಿ ಕಬೀರ್ 2006ರಲ್ಲಿ ‘ಯುವರ್ಸ್ ಗುರುದತ್ತ್’ ಪುಸ್ತಕ ತಂದರು. ಗುರುದತ್ತ್ 1964ರ ಅಕ್ಟೋಬರ್ 10ರಂದು ಹೋದರು. ಗೀತಾ 1972ರ ಜುಲೈ 20ರಂದು. ಆ ದಾಂಪತ್ಯ ಸುಖವಾಗಿರಲಿಲ್ಲ ಎಂಬುದು ಎಲ್ಲರಿಗೂ ಗೊತ್ತು. ಅಷ್ಟಾದರೂ ಕಾಗದಗಳು ಹರಿದುಹೋಗಲಿಲ್ಲ, ಒಲೆಗೆ ಬೀಳಲಿಲ್ಲ, ಮಕ್ಕಳವರೆಗೆ ಬಂದವು. ಗುರುದತ್ತ್ ಮನೆಯ ಗಂಡನಾಗಿ, ಅಪ್ಪನಾಗಿ, ಕೆಲಸದ ಹುಚ್ಚು ಹಿಡಿದ ತರುಣನಾಗಿ ಇಂದು ನಮಗೆ ಕಾಣುತ್ತಿದ್ದರೆ ಅದಕ್ಕೆ ಆ ಮನೆಯವರಿಗೆ ಕೃತಜ್ಞರಾಗಿರಬೇಕು. ಪುಸ್ತಕದಲ್ಲಿರುವುದು ಗುರುದತ್ತ್ ಕಡೆಯ ಮಾತು ಮಾತ್ರ. ಗೀತಾ ಏನು ಉತ್ತರಿಸಿದರು ಎಂಬುದು ಅದರಲ್ಲಿಲ್ಲ. ಅರ್ಧ ಸಂಭಾಷಣೆ ಓದುವ ಆ ನೋವು ಪುಸ್ತಕದ ಉದ್ದಕ್ಕೂ ನನ್ನನ್ನು ಕಾಡುತ್ತದೆ.

ಎರಡನೆಯ ಉದಾಹರಣೆ ದೇವಿಕಾ ರಾಣಿ. ನಮ್ಮ ಘೋಡಬಂದರ್ ರಸ್ತೆಯ ಒಂದು ಪಕ್ಕಕ್ಕೆ ಯೇವೂರಿನ ಬೆಟ್ಟ, ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನದ ಕಾಡು. ಆ ಕಾಡಿನ ಆಚೆ ಮಲಾಡ್. ಅಲ್ಲಿ 1934ರಲ್ಲಿ ಹಿಮಾಂಶು ರಾಯ್ ಮತ್ತು ದೇವಿಕಾ ರಾಣಿ ಬಾಂಬೆ ಟಾಕೀಸ್ ಕಟ್ಟಿದರು. 1940ರಲ್ಲಿ ರಾಯ್ ತೀರಿಕೊಂಡರು. 1945ರಲ್ಲಿ ಆಕೆ ರಷ್ಯನ್ ಚಿತ್ರಕಾರ ಸ್ವೆತೊಸ್ಲಾವ್ ರೋರಿಕ್‌ರನ್ನು ಮದುವೆಯಾಗಿ ಸಿನಿಮಾ ಬಿಟ್ಟರು. ಮುಂದೆ ದಂಪತಿ ನೆಲೆಸಿದ್ದು ಬೆಂಗಳೂರಿನ ಕನಕಪುರ ರಸ್ತೆಯ ತಾತಗುಣಿಯಲ್ಲಿ, ನಾನೂರಕ್ಕೂ ಹೆಚ್ಚು ಎಕರೆಯ ತೋಟದಲ್ಲಿ. ಮೊತ್ತಮೊದಲ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಅವರದ್ದೇ. ರೋರಿಕ್ 1993ರ ಜನವರಿಯಲ್ಲಿ, ದೇವಿಕಾ ರಾಣಿ 1994ರ ಮಾರ್ಚ್‌ನಲ್ಲಿ ತೀರಿಕೊಂಡರು. ಮಕ್ಕಳಿರಲಿಲ್ಲ. ತೋಟ ಯಾರದೆಂಬ ವ್ಯಾಜ್ಯ ಹತ್ತಿತು. ಕರ್ನಾಟಕ ಸರ್ಕಾರ 1996ರಲ್ಲಿ ಅದಕ್ಕೆಂದೇ ಒಂದು ಕಾಯ್ದೆ ಮಾಡಿ ಎಸ್ಟೇಟನ್ನು ಸ್ವಾಧೀನಕ್ಕೆ ತೆಗೆದುಕೊಂಡಿತು. ಸುಪ್ರೀಂ ಕೋರ್ಟ್ ಆ ಕಾಯ್ದೆಯನ್ನು ಎತ್ತಿಹಿಡಿದದ್ದು 2011ರಲ್ಲಿ.

ಜನ ನೆಲದ ಬೆಲೆಯ ಬಗ್ಗೆ ಮಾತಾಡಿದರು, ಚಿತ್ರಗಳ ಬೆಲೆಯ ಬಗ್ಗೆ ಮಾತಾಡಿದರು. ಕಾಗದದ ಬಗ್ಗೆ ಮಾತಾಡಿದವರು ಕಡಿಮೆ. ಆದರೆ ದೇವಿಕಾ ರಾಣಿ ತಮ್ಮ ಪತ್ರವ್ಯವಹಾರವನ್ನು ಜೋಪಾನ ಮಾಡಿದ್ದರು. ಅದನ್ನು ಆಧರಿಸಿ ಕಿಶ್ವರ್ ದೇಸಾಯಿ 2020ರಲ್ಲಿ ಅವರ ಜೀವನಚರಿತ್ರೆ ‘ದಿ ಲಾಂಗೆಸ್ಟ್ ಕಿಸ್’ ಬರೆದರು. ಅದುವರೆಗೆ ದೇವಿಕಾ ರಾಣಿ ಎಂದರೆ ‘ಅಛೂತ್ ಕನ್ಯಾ’ದ ಸುಂದರಿ, ಒಂದಿಷ್ಟು ಪ್ರೇಮಪ್ರಕರಣದ ಗುಸುಗುಸು. ಪತ್ರಗಳು ಬೆಳಕಿಗೆ ಬಂದ ಮೇಲೆ, ಸಾಲದ ಲೆಕ್ಕ ನೋಡುತ್ತ, ಸ್ಟುಡಿಯೋದೊಳಗಿನ ಬಣಗಳನ್ನು ಎದುರಿಸುತ್ತ ಕಂಪನಿ ನಡೆಸಿದ ಹೆಣ್ಣು ಕಂಡಳು. ಇಂಥ ಸಂಪತ್ತನ್ನು ಬಿಟ್ಟುಹೋದವರು ತಾತಗುಣಿಯಲ್ಲೇ ದಶಕಗಳ ಕಾಲ ಬಾಳಿದರು. ಅವರನ್ನು ಭೇಟಿಯಾದ, ಅವರೊಡನೆ ಪತ್ರ ಬರೆದಾಡಿದ ಕನ್ನಡಿಗರ ಮನೆಗಳಲ್ಲೂ ಹುಡುಕುವ ಕೆಲಸ ಇನ್ನೂ ಆಗಬೇಕು.

ನಕಲಿಯ ಹಾವಳಿಯನ್ನೂ ತಿಳಿದಿರಬೇಕು. ಅಭಿಮಾನಿಗಳ ಪತ್ರ ಮೂಟೆಗಟ್ಟಲೆ ಬರುವ ತಾರೆಯರಿಗೆ ಉತ್ತರ ಬರೆಯುತ್ತಿದ್ದವರು ಎಷ್ಟೋ ಸಲ ಕಾರ್ಯದರ್ಶಿಗಳು. ಫೋಟೋದ ಮೇಲಿನ ಸಹಿ ಎಷ್ಟೋ ಸಲ ಅಚ್ಚಿನದು. ಮುಂಬಯಿಯ ಚೋರ್ ಬಜಾರಿನ ಮಟನ್ ಸ್ಟ್ರೀಟಿನಲ್ಲಿ ಹಳೇ ಪೋಸ್ಟರು, ಲಾಬಿ ಕಾರ್ಡು, ಹಾಡಿನ ಪುಸ್ತಕಗಳ ನಡುವೆ ಒಂದು ಕೈಬರಹದ ಪತ್ರ ಕಂಡರೆ ಎದೆ ಹೊಡೆದುಕೊಳ್ಳುವುದು ಸಹಜ. ಆಗ ಮೊದಲು ನೋಡಬೇಕಾದದ್ದು ವಿಳಾಸ. ಪಿನ್‌ಕೋಡ್ ಜಾರಿಗೆ ಬಂದದ್ದು 1972ರ ಆಗಸ್ಟ್ 15ರಂದು. 1965ರ ತಾರೀಖಿನ ಪತ್ರದ ಮೇಲೆ ಆರು ಅಂಕೆಯ ಪಿನ್ ಇದ್ದರೆ ಅದನ್ನು ಅಲ್ಲೇ ಬಿಟ್ಟು ಬನ್ನಿ. ಪಿನ್‌ಕೋಡಿಗೂ ಮೊದಲು ಮುಂಬಯಿಗೆ ವಲಯದ ಸಂಖ್ಯೆ ಇತ್ತು. ಮಾಟುಂಗ ಎಂದರೆ ಬಾಂಬೆ 19, ಅದೇ ಮುಂದೆ 400019 ಆಯಿತು. ಇನ್‌ಲ್ಯಾಂಡ್ ಲೆಟರ್ ಬಂದದ್ದು 1950ರ ಅಕ್ಟೋಬರ್‌ನಲ್ಲಿ, ದಶಮಾಂಶದ ನಯಾ ಪೈಸೆ 1957ರ ಏಪ್ರಿಲ್‌ನಲ್ಲಿ. ಮೈಸೂರು ರಾಜ್ಯ ಕರ್ನಾಟಕವಾದದ್ದು 1973ರ ನವೆಂಬರ್ 1ರಂದು. ಅಂಚೆ ಮುದ್ರೆ, ಸ್ಟಾಂಪಿನ ಬೆಲೆ, ಲೆಟರ್‌ಹೆಡ್ಡಿನ ಊರಿನ ಹೆಸರು ಒಂದಕ್ಕೊಂದು ಹೊಂದಬೇಕು. ಅತಿನೇರಳೆ ದೀಪದ ಕೆಳಗೆ ಹಿಡಿದಾಗ ಕಾಗದ ನೀಲಿಯಾಗಿ ಹೊಳೆದರೆ, ಅದರಲ್ಲಿ ಕಾಗದ ಬೆಳ್ಳಗೆ ಕಾಣುವಂತೆ ಮಾಡುವ ರಾಸಾಯನಿಕ ಸೇರಿದೆ ಎಂದರ್ಥ. ಅದನ್ನು ಕಾಗದಕ್ಕೆ ಸೇರಿಸುವ ರೂಢಿ ಸುಮಾರು 1950ರ ನಂತರದ್ದು. 1936ರ ಪತ್ರ ಹಾಗೆ ಹೊಳೆಯಬಾರದು. ಎಲ್ಲಕ್ಕಿಂತ ದೊಡ್ಡ ಸಾಕ್ಷಿ, ಅದು ಯಾರ ಮನೆಯಿಂದ ಯಾರ ಕೈಗೆ ಬಂತು ಎಂಬ ವಿವರ. ಆ ಸರಪಣಿ ಕಡಿದಿದ್ದರೆ ಎಷ್ಟೇ ಸುಂದರ ಸಹಿಯಾದರೂ ಸಂಶಯ ಹೋಗುವುದಿಲ್ಲ. ಲಕೋಟೆ ಎಸೆಯಬಾರದು ಎನ್ನುವುದು ಅದಕ್ಕೇ.

ಕಾನೂನಿನ ಮಾತು ಸ್ವಲ್ಪ ಗಮನವಿಟ್ಟು ಓದಬೇಕು. ನಿಮಗೆ ಬಂದ ಪತ್ರದ ಹಾಳೆ ನಿಮ್ಮದು, ಇಡಬಹುದು, ಕೊಡಬಹುದು, ಮಾರಬಹುದು. ಅದರಲ್ಲಿರುವ ಬರವಣಿಗೆಯ ಹಕ್ಕು ಬರೆದವರದು, ಅವರ ನಂತರ ವಾರಸುದಾರರದು. 1741ರಲ್ಲೇ ಇಂಗ್ಲೆಂಡಿನ ನ್ಯಾಯಾಲಯ ಕವಿ ಅಲೆಕ್ಸಾಂಡರ್ ಪೋಪ್ ಮೊಕದ್ದಮೆಯಲ್ಲಿ ಇದನ್ನು ಹೇಳಿತ್ತು. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಹಕ್ಕು ಲೇಖಕ ತೀರಿಕೊಂಡ ನಂತರ 60 ವರ್ಷ ಇರುತ್ತದೆ. ಬದುಕಿದ್ದಾಗ ಪ್ರಕಟವಾಗದೆ ಆಮೇಲೆ ಪ್ರಕಟವಾದ ಬರಹಕ್ಕೆ ಆ 60 ವರ್ಷವನ್ನು ಎಣಿಸುವುದು ಪ್ರಕಟಣೆಯಿಂದ. ಗುರುದತ್ತ್ ಹೋಗಿ 60 ವರ್ಷ 2024ಕ್ಕೇ ಮುಗಿಯಿತು, ಆದರೆ ಪತ್ರಗಳು ಅಚ್ಚಾದದ್ದು 2006ರಲ್ಲಿ, ಹಾಗಾಗಿ ಅವುಗಳ ಹಕ್ಕು 2066ರವರೆಗೆ. ಒಬ್ಬ ನಟಿಯ ಖಾಸಗಿ ಪತ್ರ ಸಿಕ್ಕಿತೆಂದು ಅದರ ಫೋಟೋ ತೆಗೆದು ವಾಟ್ಸಪ್ ಗುಂಪುಗಳಿಗೆ ಹಂಚುವುದು ಕಾನೂನಿಗೂ ಹೊಂದುವುದಿಲ್ಲ, ಮರ್ಯಾದೆಗೂ ಹೊಂದುವುದಿಲ್ಲ. ಅದರಲ್ಲಿ ಹೆಸರು ಬಂದವರು ಇನ್ನೂ ಬದುಕಿರಬಹುದು. ಜೊತೆಗೆ, 75 ವರ್ಷ ದಾಟಿದ, ಐತಿಹಾಸಿಕ ಅಥವಾ ಸಾಹಿತ್ಯಿಕ ಮೌಲ್ಯವುಳ್ಳ ಹಸ್ತಪ್ರತಿ, ದಾಖಲೆಗಳು 1972ರ ಪುರಾವಸ್ತು ಕಾಯ್ದೆಯ ಅಡಿ ಬರುತ್ತವೆ. ಅವನ್ನು ಖಾಸಗಿಯವರು ದೇಶದ ಹೊರಗೆ ಮಾರಿ ಕಳಿಸುವಂತಿಲ್ಲ.

ಇಟ್ಟುಕೊಳ್ಳುವ ಬಗೆ ಸರಳ. ಠಾಣೆಯ ಮಳೆಗಾಲ ಕಾಗದಕ್ಕೆ ದೊಡ್ಡ ಶತ್ರು. ಗಾಳಿಯ ತೇವ ಹೆಚ್ಚು ದಿನ ನೂರಕ್ಕೆ 65ರ ಮೇಲಿದ್ದರೆ ಬೂಷ್ಟು ಹಿಡಿಯುತ್ತದೆ, ಇಲ್ಲಿ ಜುಲೈಯಲ್ಲಿ ಅದು 80 ದಾಟುತ್ತದೆ. ಹೊರಗೋಡೆಗೆ ತಾಗಿದ ಕಪಾಟಿನಲ್ಲಿ ಇಡಬೇಡಿ. ತುಕ್ಕು ಹಿಡಿದ ಗುಂಡುಪಿನ್ನು ತೆಗೆಯಿರಿ. ಮಡಿಕೆ ಬಿಡಿಸಿ, ಆಮ್ಲರಹಿತ ಕಾಗದದ ಫೋಲ್ಡರಿನಲ್ಲಿ ಚಪ್ಪಟೆಯಾಗಿಡಿ, ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣ ಹಾಕಿ ಆಗಾಗ ಬದಲಿಸಿ. ಹರಿದಲ್ಲಿ ಸೆಲ್ಲೋಟೇಪು ಅಂಟಿಸಬೇಡಿ, ಅದರ ಅಂಟು ಹಳದಿಯಾಗಿ ಶಾಯಿಯನ್ನೇ ತಿನ್ನುತ್ತದೆ. ಲ್ಯಾಮಿನೇಷನ್ ಅಂತೂ ಬೇಡವೇ ಬೇಡ. ಎಷ್ಟೋ ಮನೆಗಳಲ್ಲಿ ಪ್ರೀತಿಯಿಂದಲೇ ಲ್ಯಾಮಿನೇಟ್ ಮಾಡಿಸಿ ಕಾಗದಗಳನ್ನು ಕೊಂದಿದ್ದಾರೆ. ಬಿಸಿಗೆ ಕಾಗದ ಬೆಂದು ಪ್ಲಾಸ್ಟಿಕ್ಕಿನೊಳಗೆ ಸೇರಿಹೋಗುತ್ತದೆ, ಮತ್ತೆ ಬಿಡಿಸಲಾಗದು. ಎರಡೂ ಮುಖ ಮತ್ತು ಲಕೋಟೆ ಸ್ಕ್ಯಾನ್ ಮಾಡಿ. ಆದರೆ ಸ್ಕ್ಯಾನ್ ಆಯಿತೆಂದು ಮೂಲ ಎಸೆಯಬೇಡಿ.

ಮನೆಯಲ್ಲಿ ಇಡಲಾಗದಿದ್ದರೆ ಕೊಡಲು ಜಾಗಗಳಿವೆ. ಪುಣೆಯಲ್ಲಿ 1964ರಲ್ಲಿ ಆರಂಭವಾದ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ ಚಿತ್ರಗಳಷ್ಟೇ ಅಲ್ಲ, ಪೋಸ್ಟರು, ಸ್ಟಿಲ್ಲು, ಹಾಡಿನ ಪುಸ್ತಕ, ಚಿತ್ರಕತೆಗಳನ್ನೂ ಕಾಪಾಡುತ್ತದೆ. ಶಿವೇಂದ್ರ ಸಿಂಗ್ ಡುಂಗರ್‌ಪುರ್ 2014ರಲ್ಲಿ ಸ್ಥಾಪಿಸಿದ ಫಿಲ್ಮ್ ಹೆರಿಟೇಜ್ ಫೌಂಡೇಶನ್ ಮುಂಬಯಿಯಲ್ಲೇ ಇದೆ. ಮುಂಬಯಿ ವಿಶ್ವವಿದ್ಯಾಲಯದ ಕಲಿನಾ ಆವರಣದಲ್ಲಿ ಕನ್ನಡ ವಿಭಾಗವಿದೆ. ಕೊಡುವಾಗ ಕಟ್ಟು ಒಡೆಯದೆ ಕೊಡಿ, ಕೊಟ್ಟದ್ದಕ್ಕೆ ಪಟ್ಟಿ ಮಾಡಿ ರಸೀದಿ ಪಡೆಯಿರಿ, ಖಾಸಗಿ ಸಂಗತಿಗಳಿದ್ದರೆ ಇಷ್ಟು ವರ್ಷ ತೆರೆಯಬಾರದೆಂಬ ಷರತ್ತು ಬರೆಸಿಕೊಳ್ಳಿ.

ನಮ್ಮ ಸಂಘಗಳಿಗೆ ನನ್ನದೊಂದು ಕೇಳಿಕೆ ಇದೆ. ಸುವರ್ಣ ಮಹೋತ್ಸವ, ಅಮೃತ ಮಹೋತ್ಸವಗಳಿಗೆ ಸ್ಮರಣ ಸಂಚಿಕೆ ತರುತ್ತೀರಿ, ಅದರಲ್ಲಿ ಶುಭಾಶಯಗಳ ಪುಟ ಬಹಳ ಇರುತ್ತವೆ. ಮುಂದಿನ ಸಲ ಹಳೆಯ ಕಾರ್ಯದರ್ಶಿಗಳ ಮನೆಗೆ ಇಬ್ಬರು ತರುಣರನ್ನು ಕಳಿಸಿ, ಕಲಾವಿದರಿಂದ ಬಂದ ಕಾಗದಗಳನ್ನು ಸ್ಕ್ಯಾನ್ ಮಾಡಿಸಿ, ಬರೆದವರ ಮನೆಯವರ ಒಪ್ಪಿಗೆ ಪಡೆದು ಕೆಲವನ್ನಾದರೂ ಅಚ್ಚು ಹಾಕಿಸಿ. ಓದುಗರಿಗೂ ಅಷ್ಟೇ: ಮನೆಯಲ್ಲಿ ಎಂಬತ್ತು ದಾಟಿದ ಹಿರಿಯರಿದ್ದರೆ ಈ ಭಾನುವಾರವೇ ಅವರ ಪಕ್ಕ ಕುಳಿತು, ಒಂದೊಂದೇ ಕಾಗದ ತೋರಿಸಿ, ಇದು ಯಾರ ಅಕ್ಷರ, ಯಾವ ಕಾರ್ಯಕ್ರಮಕ್ಕೆ ಬಂದಾಗ ಬರೆದದ್ದು ಎಂದು ಕೇಳಿ. ಅವರು ಹೇಳಿದ್ದನ್ನು ಬೇರೆ ಹಾಳೆಯಲ್ಲಿ ಪೆನ್ಸಿಲಿನಿಂದ ಬರೆದು ಆ ಕಾಗದದ ಜೊತೆಗೇ ಇಡಿ.